ಕಡಲ ಕಡೆ ಬಾಗಿದ ಮರ ಹತ್ತಿದ ಬೋರಮ್ಮ

ಬಿಳಿಗೆರೆಯಲ್ಲಿ ತೆಂಗಿನ ಮರ ಹತ್ತುತ್ತಿದ್ದ ಹೆಂಗಸೆಂದರೆ ಬೋರಮ್ಮ ಒಬ್ಬಳೇ. ಅದು ಗಂಡ ಹುಚ್ಚಣ್ಣನ ಕಸುಬು. ಅರವತ್ತೆರಡನೇ ಇಸವಿಯಲ್ಲಿ ಅವನು ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ. ನಾಲ್ಕು ತಿಂಗಳು ಕಾದು ನೋಡಿದ ಬೋರಮ್ಮ ಸೀರೆಯನ್ನು ಕಚ್ಚೆ ಹಾಕಿ, ಅವನ ಹಗ್ಗದ ಬಳೆಯನ್ನು ಎರಡೂ ಪಾದಕ್ಕೆ ತೊಡಿಸಿಕೊಂಡು ಹಿತ್ತಿಲಿನ ಗಿಡ್ಡ ಮರದ ಮುಂದೆ ನಿಂತಳು. ಹುಚ್ಚಣ್ಣ ಜಗಲಿಯ ಮೇಲೆ ಮಲಗಿಕೊಂಡೇ, "ಮರಾನ ತಬ್ಕೋಬ್ಯಾಡ ಕಣೇ, ಅದೇನ್ ನಿಮ್ಮವ್ವನಾ? ಕಾಲಲ್ಲಿ ಒದ್ದು ಮೇಲಕ್ಕೋಗು" ಎಂದು ಕೂಗಿ ಕೂಗಿ ಕಲಿಸಿದ. ಊರಿನವರು ಮೊದಮೊದಲು ಆಡಿಕೊಂಡರು. ಎರಡು ವರ್ಷ ಕಳೆಯುವಷ್ಟರಲ್ಲಿ ಹಾಲ್ಕುರಿಕೆಯಂಥ ಬೇರೆ ಊರುಗಳಿಂದಲೂ ಅವಳಿಗೆ ಕರೆ ಬರತೊಡಗಿತು. ಬೋರಮ್ಮ ಕೆಡವಿದ ಗೊನೆಯಲ್ಲಿ ಬಲಿಯದ ಕಾಯಿ ಸಿಕ್ಕುವುದಿಲ್ಲ ಎಂದು ಕೊಬ್ಬರಿ ವ್ಯಾಪಾರಿಗಳೇ ಹೇಳುತ್ತಿದ್ದರು.

ಅವಳ ಮಗಳು ಚಿಕ್ಕಗೌರಮ್ಮನನ್ನು ಕೊಟ್ಟಿದ್ದ ದುರ್ಗಯ್ಯನಿಗೆ ಕುಂದಾಪುರದಾಚೆ, ಸಮುದ್ರದ ದಂಡೆಯ ಮೇಲಿದ್ದ ಸರ್ಕಾರಿ ಪ್ರವಾಸಿ ಬಂಗಲೆಯಲ್ಲಿ ಬಂದವರನ್ನು ನೋಡಿಕೊಳ್ಳುವ ಮೇಟಿ ಕೆಲಸ. ಎಪ್ಪತ್ತನಾಲ್ಕರ ದೀಪಾವಳಿ ಮುಗಿದ ಮೇಲೆ ಮಗಳಿಂದ ಕಾಗದ ಬಂತು: "ಅವ್ವಾ, ಒಂದು ಸಲ ಬಂದು ನೋಡು. ಇಲ್ಲಿ ಜನ ಕಮ್ಮಿ, ಗಾಳಿ ಜಾಸ್ತಿ."

"ಕಾಯಿ ಕೆಡವೋರ್ಯಾರು?" ಎಂದಳು ಬೋರಮ್ಮ.

"ಮರ ಎಲ್ಲಿಗೂ ಓಡೋಗಲ್ಲ ಕಣೇ, ಹೋಗ್ಬಾ" ಎಂದ ಹುಚ್ಚಣ್ಣ. ಅಷ್ಟೊತ್ತಿಗೆ ಅವನು ಕೋಲೂರಿ ಓಡಾಡುತ್ತಿದ್ದ, ಮುದ್ದೆ ತೊಳಸುವಷ್ಟು ಗಟ್ಟಿಯಾಗಿದ್ದ.

ತಿಪಟೂರಿನಲ್ಲಿ ಬಸ್ಸು ಹತ್ತಿ, ಅರಸೀಕೆರೆ ದಾಟಿ, ಶಿವಮೊಗ್ಗದಲ್ಲಿ ನೆಂಟರ ಮನೆಯಲ್ಲಿ ತಂಗಿ, ಮಾರನೆಯ ದಿನ ಘಟ್ಟ ಇಳಿದಳು. ಬಸ್ಸು ತಿರುವಿನಲ್ಲಿ ವಾಲಿದಾಗೆಲ್ಲ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ನಗುತ್ತಿದ್ದಳು. ಪಕ್ಕದಲ್ಲಿದ್ದ ಹೆಂಗಸು ಕಣ್ಣು ಮುಚ್ಚಿಕೊಂಡು ದೇವರನ್ನು ಕರೆಯುತ್ತಿದ್ದಳು.

ಬಂಗಲೆಯ ಹಿಂಬಾಗಿಲು ತೆರೆದರೆ ಮರಳು, ಮರಳಿನಾಚೆ ಸಮುದ್ರ. ಬೋರಮ್ಮ ಗಂಟುಮೂಟೆ ಕೆಳಗಿಡದೆ ನೋಡುತ್ತಾ ನಿಂತುಬಿಟ್ಟಳು.

"ಇದು ಯಾವಾಗ ನಿಲ್ತದೆ ಗೌರಾ?"

"ನಿಲ್ಲಲ್ಲ ಕಣವ್ವ."

"ಆಳುಗಳು ಊಟಕ್ಕಾದ್ರೂ ಕೂತ್ಕೋತಾರೆ. ಇದು ಅಷ್ಟೂ ಇಲ್ವಾ?" ಎನ್ನುತ್ತಲೇ ನೀರಿನ ಅಂಚಿಗೆ ಓಡಿದಳು. ಅಲೆ ಮೊಣಕಾಲಿಗೆ ಹೊಡೆದಾಗ ಕಿರುಚಿದಳು, ಕಾಲಡಿಯ ಮರಳು ಜಾರಿದಾಗ ಮತ್ತೆ ಕಿರುಚಿದಳು. ನಲವತ್ತೈದು ತುಂಬಿದ ಅವ್ವ ಹೀಗೆ ಕುಣಿಯುವುದನ್ನು ಚಿಕ್ಕಗೌರಮ್ಮ ನೋಡಿರಲಿಲ್ಲ. ಸಂಜೆಯೊಳಗೆ ಬೋರಮ್ಮನ ಎರಡೂ ಸೀರೆಗಳು ಒದ್ದೆಯಾಗಿದ್ದವು.

ಮೂರನೆಯ ದಿನ ಬೆಳಿಗ್ಗೆ ಬಂಗಲೆಗೆ ಬೆಂಗಳೂರಿನಿಂದ ಒಂದು ಸಂಸಾರ ಬಂದಿಳಿಯಿತು. ಬಂದವರೇ ಎಳನೀರು ಕೇಳಿದರು. ಮರ ಹತ್ತುವವನು ಮದುವೆಗೆ ಹೋಗಿದ್ದ. ದುರ್ಗಯ್ಯ ತಲೆ ಕೆರೆದುಕೊಂಡ.

"ಅದಕ್ಯಾಕ್ ಯೋಚ್ನೆ? ನಾನಿಲ್ವಾ?" ಎಂದಳು ಬೋರಮ್ಮ.

"ಬ್ಯಾಡಿ ಅತ್ತೇರಾ, ಎಳನೀರಿರೋದು ಆ ಮರದಲ್ಲಿ ಮಾತ್ರ. ಅದು ನೀರಿನ ಕಡೀಕೆ ಬಗ್ಗೈತೆ. ಜನ ಬೇರೆ ನೋಡ್ತಾರೆ."

"ನೋಡ್ಲಿ ಬುಡಪ್ಪ."

ಬಾವಿ ಹಗ್ಗದ ತುಂಡನ್ನು ಬಳೆ ಮಾಡಿ ಕಾಲಿಗೆ ಸಿಕ್ಕಿಸಿದಳು. ಉಳಿದ ಹಗ್ಗವನ್ನೂ ಕತ್ತಿಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತತೊಡಗಿದಳು. ಬಿಳಿಗೆರೆ ಕಡೆಯ ಮರಗಳು ಕಂಬದ ಹಾಗೆ ನೆಟ್ಟಗಿರುತ್ತವೆ. ಈ ಮರ ಅರ್ಧ ದೂರ ಮಲಗಿಕೊಂಡು ಹೋಗಿ, ಆಮೇಲೆ ಎದ್ದಿತ್ತು. ಗಾಳಿ ಬಂದಾಗ ಬುಡದಿಂದಲೇ ತೂಗುತ್ತಿತ್ತು. ಸುಳಿ ತಲುಪಿ ಕೆಳಗೆ ನೋಡಿದರೆ ನೆಲವೇ ಇಲ್ಲ, ಬರೀ ನೀರು! ಆದರೂ ಬೋರಮ್ಮ ನಾಲ್ಕು ಗೊನೆ ಕೊಯ್ದು ಹಗ್ಗದಲ್ಲಿ ಇಳಿಬಿಟ್ಟಳು. ಆಮೇಲೆ ಇಳಿಯಲು ಮನಸ್ಸಾಗದೆ ಗರಿಯ ಬುಡ ಹಿಡಿದು ಸುತ್ತ ನೋಡಿದಳು.

ದೂರದಲ್ಲಿ ನೀರಿನ ಬಣ್ಣ ಒಂದೇ ಕಡೆ ಕೆಂಪಗಾಗಿತ್ತು. ಮೋಡದ ನೆರಳೆಂದುಕೊಂಡು ತಲೆಯೆತ್ತಿದರೆ ಆಕಾಶದಲ್ಲಿ ಮೋಡವಿಲ್ಲ. ಆ ಕೆಂಪು ಸರಿದಾಡುತ್ತಿತ್ತು. ನಡುನಡುವೆ ಬೆಳ್ಳಗೆ ಮಿಂಚು, ಮೇಲೆ ಹಕ್ಕಿಗಳ ಗದ್ದಲ.

"ದುರ್ಗಯ್ಯಾ! ಅಲ್ಲಿ ನೀರು ಕುದೀತೈತೆ ಕಣಪ್ಪ!"

ದಂಡೆಯ ಚಪ್ಪರದಲ್ಲಿ ಬಲೆ ನೇಯುತ್ತಿದ್ದ ಮೀನುಗಾರರು ಥಟ್ಟನೆ ಎದ್ದರು. ಹತ್ತು ದಿನದಿಂದ ಮೀನಿಲ್ಲದೆ, ದಂಡೆಯಿಂದ ಎಳೆಯುವ ಅವರ ರಂಪಣಿ ಬಲೆ ಒಣಗಿಯೇ ಇತ್ತು. ಬಲೆಯ ಯಜಮಾನ ತಿಮ್ಮ ಮರಕಾಲ ಮರದ ಬುಡಕ್ಕೆ ಓಡಿ ಬಂದ.

"ಹ್ವಾಯ್, ಎಲ್ಲಿ ಮಾರಾಯ್ತಿ? ಎಷ್ಟು ದೊಡ್ಡದು?"

"ರಾಗಿ ಒಕ್ಕೋ ಕಣದಂಥವು ನಾಕು ಸೇರಿಸ್ದಂಗೈತೆ! ಈ ಕಡೀಕೇ ಬತ್ತೈತೆ!"

"ಬಂಗುಡೆ! ದೋಣಿ ಇಳಿಸಿ!" ಎಂದು ತಿಮ್ಮ ಮರಕಾಲ ಕೂಗಿದ. ಮತ್ತೆ ಮೇಲೆ ನೋಡಿ, "ನೀನು ಇಳಿಬೇಡ, ಅಲ್ಲೇ ಇರು. ಮೀನು ಎತ್ತ ಹೋಗ್ತದೋ ಅತ್ತ ಕೈ ತೋರಿಸು" ಎಂದ.

ದೋಣಿ ಬಲೆಯನ್ನು ಬಿಡುತ್ತಾ ನೀರಿನಲ್ಲಿ ಸುತ್ತು ಹಾಕತೊಡಗಿತು. ದೋಣಿಯವರಿಗೆ ಅಲೆಗಳ ನಡುವೆ ಮೀನು ಕಾಣದು, ಮರದ ತುದಿಯ ಬೋರಮ್ಮ ಕಾಣುತ್ತಾಳೆ. ಮೀನಿನ ಹಿಂಡು ಬಡಗಕ್ಕೆ ತಿರುಗಿದರೆ ಅವಳು ಸೆರಗನ್ನು ಬಡಗಕ್ಕೆ ಬೀಸಿದಳು. ಅದು ತೆಂಕಕ್ಕೆ ಹೊರಳಿದಾಗ, "ಅಯ್ಯೋ, ಆ ಕಡೆ ಕಣ್ರಪ್ಪೋ, ಆ ಕಡೆ!" ಎಂದು ಗಂಟಲು ಹರಿಯುವಂತೆ ಕೂಗಿದಳು. ಅವಳ ಜೊತೆಗೆ ಮರವೂ ಕುಣಿಯಿತು. ಕೆಳಗೆ ಚಿಕ್ಕಗೌರಮ್ಮ, "ಅವ್ವಾ, ಗರಿ ಹಿಡ್ಕೋ!" ಎಂದು ಅರಚುತ್ತಿದ್ದಳು. ಎಳನೀರು ಕೇಳಿದ ಬೆಂಗಳೂರಿನವರಿಗೆ ಎಳನೀರು ಮರೆತೇಹೋಗಿತ್ತು.

ಬಲೆಯ ಎರಡು ತುದಿಯೂ ದಂಡೆ ಸೇರಿದಾಗ ಬೋರಮ್ಮ ಜರ್ರನೆ ಇಳಿದು ಬಂದು ಹಗ್ಗಕ್ಕೆ ಕೈ ಹಾಕಿದಳು. ಅರವತ್ತು ಎಪ್ಪತ್ತು ಜನ ಎಳೆಯುತ್ತಿದ್ದರು. ಬೆಂಗಳೂರಿನ ಯಜಮಾನರೂ ಷರಾಯಿ ಮಡಚಿ ಅವಳ ಹಿಂದೆ ನಿಂತರು. ಎಳೆದದ್ದು ಎರಡು ಗಂಟೆ. ಕೊನೆಗೆ ಬಲೆಯ ಹೊಟ್ಟೆ ಮರಳಿಗೆ ಬಂದಾಗ ಕಣ್ಣು ಕೋರೈಸುವಂತೆ ಬಂಗುಡೆ ಪುಟಿಯುತ್ತಿತ್ತು. ಹೆಂಗಸರು ಬುಟ್ಟಿ ಹಿಡಿದು ಓಡಿ ಬಂದರು.

ತಿಮ್ಮ ಮರಕಾಲ ಒಂದು ಬುಟ್ಟಿ ತುಂಬಿ ಅವಳ ಮುಂದಿಟ್ಟ. "ಮೀನು ಕಂಡವರ ಪಾಲು ಇದು. ನಿನ್ನ ಊರು ಯಾವುದು?"

"ಬಿಳಿಗೆರೆ. ತಿಪಟೂರತ್ರ."

"ಅಲ್ಲಿ ಸಮುದ್ರ ಉಂಟಾ?"

"ಕೆರೆ ಐತೆ" ಎಂದಳು ಬೋರಮ್ಮ. ಇಡೀ ದಂಡೆ ನಕ್ಕಿತು, ಅವಳೂ ನಕ್ಕಳು.

ಊರಿಗೆ ಮರಳಿದ ಮೇಲೆ ಒಂದು ತಿಂಗಳು ಅವಳಿಗೆ ಬೇರೆ ಮಾತೇ ಇರಲಿಲ್ಲ. ನಂಬದವರಿಗೆ, "ಹಂಗಾದ್ರೆ ಜತೇಲಿ ಬರ್ರಿ" ಎನ್ನುತ್ತಿದ್ದಳು. ಮಾರನೆಯ ವರ್ಷ ಪಕ್ಕದ ಮನೆಯ ಹೊಂಬಾಳಮ್ಮ ಮತ್ತು ಇನ್ನಿಬ್ಬರು ನಿಜಕ್ಕೂ ಬುತ್ತಿ ಕಟ್ಟಿಕೊಂಡು ಅವಳ ಜೊತೆ ಹೊರಟೇಬಿಟ್ಟರು. ಸಮುದ್ರ ಕಂಡದ್ದೇ ಮೂವರೂ ಚಪ್ಪಲಿ ಬಿಸಾಕಿ ಓಡಿದರು. ದೊಡ್ಡ ಅಲೆಯೊಂದು ಹೊಂಬಾಳಮ್ಮನನ್ನು ಕೆಡವಿ ಎಳೆದುಕೊಂಡು ಬಂದು ಬೋರಮ್ಮನ ಕಾಲ ಬಳಿ ಹಾಕಿತು. ಹೊಂಬಾಳಮ್ಮ ಬಾಯಲ್ಲಿದ್ದ ಮರಳು ಉಗುಳಿ, ಒದ್ದೆ ತುರುಬು ಬಿಚ್ಚಿಕೊಂಡು, "ಇನ್ನೊಂದು ಬರ್ಲಿ ಕಣೇ ಬೋರಮ್ಮ, ಇನ್ನೊಂದು ಬರ್ಲಿ!" ಎಂದು ಕೂಗಿದಳು.