ಆಕಳ ಉಚ್ಚೆ, ಸೊಸೆಯ ಕಾಲ್ಗುಣ

ಪಶುವೈದ್ಯನಾದ ಮೇಲೆ ನನ್ನ ದಿನಚರಿಯಲ್ಲಿ ತಾರೀಖು, ಊರು, ದನಗಳ ಜೊತೆಗೆ ‘ಕಾದ ಹೊತ್ತು’ ಎಂಬ ಕಾಲಮ್ಮೂ ಸೇರಿಕೊಂಡಿದೆ. ಬಾಲದ ಕೆಳಗೆ ಬೆರಳಿನಿಂದ ಮೆಲ್ಲಗೆ ಸವರಿದರೆ ಆಕಳು ಉಚ್ಚೆ ಹೊಯ್ಯುತ್ತದೆಂದು ಕಾಲೇಜಿನಲ್ಲಿ ನಮಗೆ ಕಲಿಸಿದ್ದರು. ಆಕಳಿಗೆ ಕಲಿಸಿರಲಿಲ್ಲ.

ನೇಸರಗಿ ಹತ್ತಿರದ ಒಂದು ಮನೆಯಲ್ಲಿ, ಸೋಮವಾರ ಬೆಳಿಗ್ಗೆ, ಹಾಗೆ ಸವರುತ್ತ ಅರ್ಧ ತಾಸು ನಿಂತಿದ್ದೆ. ಈದು ಮೂರು ವಾರವಾಗಿದ್ದ ಜರ್ಸಿ ಆಕಳು ಹಿಂಡಿಯನ್ನು ಮೂಸುತ್ತಿರಲಿಲ್ಲ. ಹಾಲು ಅರ್ಧಕ್ಕಿಳಿದಿತ್ತು. ಕಾರಣವನ್ನು ಮನೆಯ ಅತ್ತೆ ನಾನು ಬರುವ ಮೊದಲೇ ಪತ್ತೆ ಹಚ್ಚಿದ್ದರು: ಹೊಸ ಸೊಸೆಯ ಕಾಲ್ಗುಣ. ಸೊಸೆ ಬಂದದ್ದು, ಹಾಲು ಇಳಿದದ್ದು ಒಂದೇ ವಾರವಂತೆ. ಸುದ್ದಿ ಓಣಿ ದಾಟಿ ಸೊಸೆಯ ತವರಿಗೂ ಮುಟ್ಟಿತ್ತು. ಆ ಹುಡುಗಿ ನನ್ನ ಪಕ್ಕದಲ್ಲಿ ಉಚ್ಚೆ ಹಿಡಿಯಲು ಲೋಟ ಹಿಡಿದು ನಿಂತಿದ್ದಳು.

ಕೊನೆಗೂ ಆಕಳು ಕೃಪೆ ಮಾಡಿತು, ಅರ್ಧ ಲೋಟಕ್ಕೆ, ಅರ್ಧ ನನ್ನ ಪ್ಯಾಂಟಿಗೆ. ಪರೀಕ್ಷೆಯ ಕಾಗದದ ಪಟ್ಟಿ ಅದ್ದಿದೆ, ಕಡು ನೇರಳೆಯಾಯಿತು. ತಿಂದದ್ದು ಸಾಲದೆ ಆಕಳು ಮೈಯ ಕೊಬ್ಬು ಕರಗಿಸಿ ಹಾಲು ಕೊಡುತ್ತಿದೆ, ಅದರಿಂದ ಹುಟ್ಟಿದ ಕೀಟೋನು ಉಚ್ಚೆಯಲ್ಲಿ ಬರುತ್ತಿದೆ, ಇದರಲ್ಲಿ ಯಾರ ಕಾಲೂ ಇಲ್ಲ ಎಂದು ವಿವರಿಸಿದೆ.

ಅತ್ತೆ ಪಟ್ಟಿಯನ್ನು ಬಿಸಿಲಿಗೆ ಹಿಡಿದು ನೋಡಿದರು. “ನೋಡ್ರಿ ಡಾಕ್ಟರ್ರ, ಕಾಲ್ಗುಣ ಕಾಗದದಾಗೂ ಬಂತು.”

ನನ್ನ ಐದು ವರ್ಷದ ಓದು ಅಲ್ಲಿಗೆ ಮುಗಿಯಿತು. ಅವರು ಅಷ್ಟಕ್ಕೇ ಬಿಡಲಿಲ್ಲ. ಪಕ್ಕದ ಗೂಟದಲ್ಲಿ ಅತ್ತೆಯದೇ ತವರಿನಿಂದ ಬಂದ ಎಮ್ಮೆ ಇತ್ತು, ಅದೂ ಹೊಸದಾಗಿ ಈದದ್ದು. “ಇದರದೂ ನೋಡ್ರಿ. ಕಾಗದ ಹೆಂಗೈತಿ ಹಂಗ ಇರತೈತಿ.”

ತವರಿನ ಎಮ್ಮೆ ಸವರುವ ತನಕವೂ ಕಾಯಿಸಲಿಲ್ಲ. ಧಾರಾಳವಾಗಿ ಹೊಯ್ದಿತು. ಪಟ್ಟಿ ಮೊದಲು ಸುಮ್ಮನಿತ್ತು. ಆಮೇಲೆ ಮೆಲ್ಲಗೆ, ಅತ್ತೆಯ ಕಣ್ಣೆದುರೇ, ತಿಳಿ ನೇರಳೆಗೆ ತಿರುಗಿತು.

ಸೊಸೆ ಆಗ ಮೊದಲ ಸಲ ಬಾಯಿ ತೆರೆದಳು. “ಅತ್ತಿ, ಇದು ಯಾರ ಕಾಲ್ಗುಣ್ರಿ?”

ಅತ್ತೆ ಎಮ್ಮೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ, ಔಷಧ ಮಾಡುವುದು ಬಿಟ್ಟು ನಾನೇನು ಹರಟೆಗೆ ಬಂದಿದ್ದೇನೆಯೇ ಎಂದು ಗದರಿ ಒಳಗೆ ಹೋದರು.

ಆಕಳಿಗೆ ಗ್ಲುಕೋಸ್ ಬಾಟಲಿ ಏರುತ್ತಿದ್ದಾಗ ಸೊಸೆ ಎಮ್ಮೆಯ ಪಟ್ಟಿ ಕೇಳಿದಳು. ಈ ಬಣ್ಣ ಈಗಷ್ಟೇ ನಂಬುವಂಥದ್ದು, ಹೊತ್ತು ಹೋದಂತೆ ತಾನಾಗಿ ಬದಲಾಗುತ್ತದೆ, ಆಮೇಲೆ ಅದು ಯಾವುದಕ್ಕೂ ಸಾಕ್ಷಿಯಲ್ಲ ಎಂದೆ.

“ಅದು ನಿಮಗ ಗೊತ್ತು, ಈಗ ನನಗ ಗೊತ್ತು,” ಎಂದು ಅದನ್ನು ಸೆರಗಿನ ತುದಿಗೆ ಗಂಟು ಹಾಕಿದಳು. “ಅತ್ತಿಯವರಿಗೆ ಗೊತ್ತಿಲ್ಲಲ್ರಿ.”