ಅಜ್ಜಿ ನೆಲಕ್ಕೆ ಕೂತದ್ದು

ಸೂಲಗಿತ್ತಿ ಅಜ್ಜಿಯ ಮನೆಯ ಬಾಗಿಲ ಚೌಕಟ್ಟಿನಲ್ಲಿ, ಎದೆಯೆತ್ತರಕ್ಕೆ, ಅಂಗೈಯಗಲದ ಜಾಗವೊಂದು ಎಣ್ಣೆ ಕುಡಿದು ಕಪ್ಪಗೆ ಹೊಳೆಯುತ್ತಿತ್ತು. ದಿನಾ ಬೆಳಿಗ್ಗೆ ಅಲ್ಲಿ ಕೈಯೂರಿ ನಿಂತು ಅವಳು ಎಡಗಾಲನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಬೀಸುತ್ತಿದ್ದಳು. ಇಪ್ಪತ್ತು ಸಲ. ಆಮೇಲೆ ಪಕ್ಕಕ್ಕೆ ಎತ್ತಿ ಇಳಿಸುವುದು. ಈಗ ದಾವಣಗೆರೆಯೊಳಗೆ ಸೇರಿಹೋಗಿರುವ ನಮ್ಮ ನಿಟ್ಟುವಳ್ಳಿ ಆಗಿನ್ನೂ ಹಳ್ಳಿ. ನೀರಿಗೆ ಹೋಗುವ ಹೆಂಗಸರು ಮುಸಿಮುಸಿ ನಗುತ್ತಿದ್ದರು. ನಾನೂ ನಕ್ಕವಳೇ.

ಅವಳ ಸೊಂಟ ಕೆಟ್ಟದ್ದು ನಮ್ಮಂಥವರನ್ನು ಭೂಮಿಗೆ ತಂದು. ಹೆರುವ ಹೆಂಗಸರ ಮುಂದೆ ವರ್ಷಗಟ್ಟಲೆ ಕುಕ್ಕರಗಾಲಲ್ಲಿ ಕೂತು ಕೀಲು ಬಿಗಿದುಕೊಂಡಿತ್ತು. ಹರಿಹರದ ಡಾಕ್ಟರಮ್ಮ ಔಷಧಿಗಿಂತ ಹೆಚ್ಚಾಗಿ ಬುದ್ಧಿ ಹೇಳಿ ಕಳಿಸಿದರಂತೆ: ನೆಲಕ್ಕೆ ಕೂರಬೇಡ, ಹಾಗಂತ ಹಾಸಿಗೆಯನ್ನೂ ಹಿಡಿಯಬೇಡ, ದಿನಾ ನಡೆ, ಕಾಲು ಆಡಿಸು. ಅಜ್ಜಿ ಅದನ್ನು ವ್ರತದ ಹಾಗೆ ಹಿಡಿದಳು. ಬಡಗಿಯಿಂದ ಎತ್ತರದ ಸ್ಟೂಲು ಮಾಡಿಸಿಕೊಂಡಳು. ಹೆರಿಗೆಗೆ ಕರೆದರೆ ಸ್ಟೂಲು ಮುಂದೆ, ಅವಳು ಹಿಂದೆ. ಊಟದ ಪಂಕ್ತಿಯಲ್ಲೂ ಕೂರುತ್ತಿರಲಿಲ್ಲ. ಇದರಿಂದ ಎಷ್ಟೋ ಜನ ಮುನಿಸಿಕೊಂಡರು.

"ನೋವೈತೆ ಅಂತ ಮಲಗಿದ್ರೆ ಅದು ಇನ್ನೂ ಬಿಗಿತೈತೆ. ದಿನಾ ಚೂರು ಚೂರು ಆಡಿಸ್ತಿರಬೇಕವ್ವ" ಎನ್ನುತ್ತಿದ್ದಳು. ವರ್ಷ ಕಳೆಯುವುದರೊಳಗೆ ಕೋಲಿಲ್ಲದೆ ದಾವಣಗೆರೆ ಪೇಟೆಗೆ ನಡೆದು ಹೋಗಿ ಬರುವಂತಾದಳು.

ನನ್ನ ಮೊದಲ ಮಗು ಹರಿಹರದ ಗಂಡನ ಮನೆಯಲ್ಲಿ ಹತ್ತು ದಿನವೂ ಉಳಿಯಲಿಲ್ಲ. ಎರಡನೆಯದಕ್ಕೆ ಅವ್ವನ ಮನೆಗೆ ಬಂದೆ. ಅಜ್ಜಿ ಸ್ಟೂಲಿನ ಮೇಲೆ ಕೂತೇ ಹೆರಿಗೆ ಮಾಡಿಸಿದಳು. ತೊಂದರೆ ಬಂದದ್ದು ಮಗುವಿಗೆ ನೀರು ಹಾಕುವಾಗ. ಎರೆಯುವವಳು ನೆಲಕ್ಕೆ ಕೂತು, ಎರಡೂ ಕಾಲು ನೀಡಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡೇ ಎರೆಯಬೇಕು. ಬೇರೆ ರೀತಿ ನಮಗೆ ಗೊತ್ತೇ ಇರಲಿಲ್ಲ. ಅಜ್ಜಿ ಅದಕ್ಕೆಂದೇ ಸೊಸೆಯನ್ನು ಕರೆತಂದಿದ್ದಳು.

"ಇವಳು ಹಾಕ್ತಾಳವ್ವ. ನಾನು ಪಕ್ಕದಾಗೆ ನಿಂತು ಹೇಳ್ತೀನಿ."

ನಾನು ಹಟ ಹಿಡಿದೆ. "ಬ್ಯಾಡ ಅಜ್ಜಿ. ನನ್ನ ಮಲಗಿಸ್ಕಂಡ ಕಾಲ ಮ್ಯಾಲೇ ಇವನೂ ಮಲಗಬೇಕು. ನೀನು ಎರೆದ ಕೂಸು ಒಂದೂ ಹೋಗಿಲ್ಲ" ಎಂದು ಕಣ್ಣೀರಿಟ್ಟೆ. ಅವ್ವನೂ ನನ್ನ ಕಡೆಗೇ ನಿಂತಳು.

ಅಜ್ಜಿ ಸೊಸೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಗೋಡೆ ಹಿಡಿದು ಇಳಿದು ಬಚ್ಚಲ ಕಲ್ಲಿನ ಮೇಲೆ ಕೂತಳು. ಕಾಲು ನೀಡುವಾಗ ಹಲ್ಲು ಕಚ್ಚಿದ್ದು ನನಗೆ ಕಂಡಿತು. ಕಂಡೂ ಸುಮ್ಮನಿದ್ದೆ, ಪಾಪಿ. ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬರುವವರೆಗೂ ಹಾಗೇ ನಡೆಯಿತು. ಎರೆದಾದ ಮೇಲೆ ಅಜ್ಜಿಯನ್ನು ಮೊದಲ ದಿನ ಅವ್ವನೊಬ್ಬಳೇ ಎಬ್ಬಿಸಿದ್ದಳು. ಕೊನೆಗೆ ಮೂರು ಜನ ಬೇಕಾಯಿತು. ಆದರೂ ಸಾಕು ಎನ್ನುವ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬರಲಿಲ್ಲ.

ತೊಟ್ಟಿಲ ಶಾಸ್ತ್ರಕ್ಕೆ ಅಜ್ಜಿ ಬರಲಿಲ್ಲ. ಐದನೇ ತಿಂಗಳಲ್ಲಿ ಹರಿಹರಕ್ಕೆ ಹೊರಡುವ ಮುಂಚೆ ಮಗುವನ್ನೆತ್ತಿಕೊಂಡು ಅವಳ ಮನೆಗೆ ಹೋದೆ. ಹಾಸಿಗೆಯಲ್ಲಿದ್ದಳು. ಮಲಗಿದಲ್ಲೇ ಎಡಗಾಲು ಎತ್ತಲು ನೋಡುತ್ತಿದ್ದಳು, ಹಿಮ್ಮಡಿ ಮೇಲೇಳುತ್ತಿರಲಿಲ್ಲ.

"ತಪ್ಪಾತು ಅಜ್ಜಿ" ಎಂದೆ.

"ನಂಗೂ ಆಸೆ ಇತ್ತವ್ವ. ಕಾಲ ಮ್ಯಾಲೆ ಕೂಸಿನ ಭಾರ ಬಿದ್ದು ಎಷ್ಟು ದಿನ ಆಗಿತ್ತು" ಎಂದಳು. ನಿಜ ಹೇಳಿದಳೋ, ನನ್ನ ಸಮಾಧಾನಕ್ಕೆ ಹೇಳಿದಳೋ ಇವತ್ತಿಗೂ ಗೊತ್ತಿಲ್ಲ.

ಮಗ ಹೆಜ್ಜೆ ಇಡಲು ಕಲಿತ ವಾರವೇ ಅವಳು ತೀರಿಕೊಂಡ ಸುದ್ದಿ ಹರಿಹರಕ್ಕೆ ಬಂತು. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿದ್ದರು.

ಈಗ ನನ್ನ ಸೊಂಟವೂ ಬಿಗಿಯುತ್ತದೆ. ಬೆಳಿಗ್ಗೆ ಬಾಗಿಲು ಹಿಡಿದು ಇಪ್ಪತ್ತು ಸಲ ಕಾಲು ಬೀಸುತ್ತೇನೆ. ನೋವು ಇಳಿಯುತ್ತದೆ. ಇಳಿದಾಗಲೇ ನನಗೆ ಹೆಚ್ಚು ಸಂಕಟ. ಅವಳ ನೋವೂ ಹೀಗೇ ಇಳಿದಿತ್ತು, ನಾನು ಅವಳನ್ನು ನೆಲಕ್ಕೆ ಕೂರಿಸುವವರೆಗೆ.