ವೆಹ್ಬಿ ಮೇಷ್ಟ್ರ ಕಾಡುಕೇಸರಿ

ತೋರೋಸ್ ಬೆಟ್ಟದ ಹಿಮ ಕರಗತೊಡಗಿತೆಂದರೆ ನಿವೃತ್ತ ಮೇಷ್ಟ್ರು ವೆಹ್ಬಿ ನೆಟ್ಟಗೆ ನಡೆಯುವುದನ್ನೇ ಬಿಡುತ್ತಾರೆ. ಕಾಡುಕೇಸರಿ ಹೂ ಕಂಡಲ್ಲೆಲ್ಲ ಕೆಸರಿನಲ್ಲೇ ಬೋರಲು ಮಲಗಿ, ಭೂತಗನ್ನಡಿಯಲ್ಲಿ ಅದರ ಗಂಟಲಿನ ಬಣ್ಣ ನೋಡುತ್ತಾರೆ. ಮಸೀದಿಗೆ ಹೊರಟವರು ಅವರನ್ನು ಸುತ್ತುಹಾಕಿಕೊಂಡು ಹೋಗುತ್ತಾರೆ. ಚಹದಂಗಡಿಯಲ್ಲಿ ಯಾರಾದರೂ ಹೂವಿನ ಮಾತೆತ್ತಿದರೆ ಚಹಾ ಆರುವವರೆಗೂ ಪಾಠ: "ಹೂವು ಮೋಸ ಮಾಡುತ್ತಪ್ಪ, ಗಡ್ಡೆ ಕಿತ್ತು ಸಿಪ್ಪೆ ನೋಡು. ಬಲೆ ಥರ ಇದ್ರೆ ಒಂದು ಜಾತಿ, ಬಳೆ ಥರ ಇದ್ರೆ ಇನ್ನೊಂದು." ಅವರ ಇನ್ನೂರು ಕುಂಡಗಳಿಗೂ ಹೆಸರಿನ ಚೀಟಿಯಿದೆ, ಕಿಟಕಿಯ ಬಳಿಯ ಒಂದಕ್ಕೆ ಮಾತ್ರ ಇಲ್ಲ. ಈ ವರ್ಷ ಅದು ಮೊದಲ ಸಲ ಅರಳಿತು, ಯಾರೂ ಕಂಡಿರದ ನೀಲಿ. "ಹೊಸ ಜಾತಿಯೇ ಇರಬಹುದು, ಕಿತ್ತು ನೋಡಿ ಅಣ್ಣಾ," ಎಂದರು ಪಕ್ಕದ ಮನೆಯ ನಝ್ಮಿಯೆ. "ಬೇಡಮ್ಮ," ಎಂದರು ಮೇಷ್ಟ್ರು, ಕುಂಡದ ಮಣ್ಣನ್ನು ಮೆಲ್ಲಗೆ ಸವರುತ್ತ. "ನಾಲ್ಕು ವರ್ಷದ ಹಿಂದೆ, ಆಸ್ಪತ್ರೆಗೆ ಹೊರಟ ಬೆಳಿಗ್ಗೆ ನಮ್ಮನೆಯವಳು ಬಿತ್ತಿದ ಬೀಜ ಇದು. ಆಮೇಲೆ ಅವಳು ಮನೆಗೆ ಬರಲೇ ಇಲ್ಲ. ಅವಳ ಬೆರಳು ಇಟ್ಟ ಜಾಗದಲ್ಲೇ ಇದು ಇರಲಿ."